ಕಿವಿಮೊರೆತ: ಮಾತ್ರೆ, ಮಳೆಯ ಸದ್ದು ಮತ್ತು ಎರಡು ಬಗೆಯ ಶ್ರವಣ ಯಂತ್ರ

ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡಿನಲ್ಲಿ 19 ವರ್ಷ ಮಗ್ಗ ನಡೆಸಿದ ನನ್ನ ಎರಡೂ ಕಿವಿಗಳಲ್ಲಿ ಮೂರು ವರ್ಷದಿಂದ ಜೀರುಂಡೆ ಕೂಗಿದಂತಹ ಸಣ್ಣ ದನಿಯೊಂದು ಎಡೆಬಿಡದೆ ಕೇಳುತ್ತಿದೆ. ವೈದ್ಯರು ಇದನ್ನು ಟಿನಿಟಸ್ ಎನ್ನುತ್ತಾರೆ. ಮಾತ್ರೆ, ಮೊಬೈಲಿನ ಮಳೆ ಸದ್ದು, ಕಿವಿಯೊಳಗೆ ಅಡಗುವ ಯಂತ್ರ, ಕಿವಿಯ ಹಿಂದೆ ಕೂರುವ ಯಂತ್ರ, ಮಾತುಕತೆಯ ಮೂಲಕ ಯೋಚನೆಯ ರೀತಿಯನ್ನು ಬದಲಿಸುವ ಸಿಬಿಟಿ ಎಂಬ ಮನೋಚಿಕಿತ್ಸೆ, ಇಷ್ಟನ್ನೂ ನಾನು ಮಾಡಿ ನೋಡಿದ್ದೇನೆ. ಇವುಗಳಲ್ಲಿ ಕಿವಿಯ ಹಿಂದೆ ಕೂತು, ಕಿವಿಯ ದ್ವಾರವನ್ನು ಮುಚ್ಚದೆ ಬಿಡುವ ಯಂತ್ರಕ್ಕೆ ನನ್ನ ಮತ. ಅದನ್ನೇ ಮೊದಲು ಕೊಂಡಿದ್ದರೆ ನನ್ನ 38,000 ರೂಪಾಯಿ ಉಳಿಯುತ್ತಿತ್ತು ಎಂಬ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾತ್ರೆಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಔಷಧಿ ಅಂಗಡಿಯವರ ಮಾತು ಕೇಳಿ ಗಿಂಕೊ ಎಂಬ ಮರದ ಎಲೆಯ ಸಾರದ ಮಾತ್ರೆಯನ್ನು ನಾಲ್ಕು ತಿಂಗಳು ನುಂಗಿದೆ. ಸದ್ದು ಒಂದಿಷ್ಟೂ ತಗ್ಗಲಿಲ್ಲ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗಿಂಕೊ, ಸತು, ಮೆಲಟೋನಿನ್ ಮೂರನ್ನೂ ಇದಕ್ಕೆ ಶಿಫಾರಸು ಮಾಡಬಾರದೆಂದು ಹೇಳಿದೆ ಎಂಬುದು ನನಗೆ ತಿಳಿದದ್ದು ಆಮೇಲೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಗಿಂಕೊ ರಕ್ತಸ್ರಾವದ ಅಪಾಯವನ್ನೂ ತರಬಹುದಾದ್ದರಿಂದ ಅಂಥವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಎರಡನೆಯದು ಮಳೆಯ ಸದ್ದು. ಇದಕ್ಕೆ ಖರ್ಚಿಲ್ಲ, ರಾತ್ರಿಗೆ ಇದರಷ್ಟು ಒಳ್ಳೆಯದು ಬೇರೊಂದಿಲ್ಲ. ಸುತ್ತಲೂ ನಿಶ್ಶಬ್ದವಾದಷ್ಟೂ ಒಳಗಿನ ಸದ್ದು ಎದ್ದು ಕೇಳುತ್ತದೆ; ಹೊರಗೆ ಮೆಲ್ಲನೆಯ ಸದ್ದೊಂದಿದ್ದರೆ ಅದು ಹಿಂದೆ ಸರಿಯುತ್ತದೆ. ಮೊರೆತವನ್ನು ಪೂರ್ತಿ ಮುಚ್ಚುವಷ್ಟು ಜೋರಾಗಿ ಇಡಬೇಕಾಗಿಲ್ಲ, ಎರಡೂ ಜೊತೆಜೊತೆಗೆ ಕೇಳುವ ಮಟ್ಟದಲ್ಲಿಟ್ಟರೆ ಸಾಕು. ಬೇಸಿಗೆಯಲ್ಲಿ ಫ್ಯಾನಿನ ಸದ್ದೇ ನನಗೆ ಸಾಕಾಗುತ್ತದೆ. ಆದರೆ ಹಗಲಿನಲ್ಲಿ, ನಾಲ್ಕು ಜನರ ನಡುವೆ ಕೂತು ವ್ಯವಹಾರದ ಮಾತನಾಡುವಾಗ ಮಳೆಯ ಸದ್ದನ್ನು ಹಾಕಿಕೊಂಡಿರಲು ಆಗುವುದಿಲ್ಲ.

ಇನ್ನು ನಾನು ಕೈ ಸುಟ್ಟುಕೊಂಡ ವಿಷಯ. ಚೀಟಿ ಎತ್ತಿದ ಹಣದಲ್ಲಿ ನಾನು ಮೊದಲು ಕೊಂಡದ್ದು ಕಿವಿಯ ಅಚ್ಚು ತೆಗೆದು ಮಾಡಿಕೊಡುವ, ಹೊರಗೆ ಯಾರಿಗೂ ಕಾಣದ ಪುಟ್ಟ ಯಂತ್ರದ ಜೋಡಿ. ಕಾಣುವುದಿಲ್ಲ ಎಂಬುದೇ ಆಗ ನನಗೆ ದೊಡ್ಡದಾಗಿ ತೋರಿತ್ತು. ಹಾಕಿಕೊಂಡ ಮೊದಲ ದಿನವೇ ನನ್ನ ದನಿ ನನಗೇ ಕೊಡದೊಳಗೆ ಬಾಯಿಟ್ಟು ಮಾತನಾಡಿದಂತೆ ಗುಮ್ಮೆಂದು ಕೇಳಿತು. ಊಟಕ್ಕೆ ಕೂತು ಹಪ್ಪಳ ಮುರಿದು ಬಾಯಿಗಿಟ್ಟರೆ ಅಗಿಯುವ ಸದ್ದು ತಲೆಬುರುಡೆಯೊಳಗೆಲ್ಲ ತುಂಬಿಕೊಂಡು, ಎದುರಿಗೆ ಕೂತ ಹೆಂಡತಿ ಏನು ಕೇಳಿದಳೆಂಬುದೇ ತಿಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಹೊರಗಿನ ಸಹಜ ಸದ್ದಿಗೆ ಬಿರಟೆ ಹಾಕಿದಂತಾಗಿ, ಯಾವ ಜೀರುಂಡೆಯನ್ನು ಅಡಗಿಸಲು ಹಣ ಕೊಟ್ಟಿದ್ದೆನೋ ಅದೇ ಇನ್ನೂ ಜೋರಾಯಿತು.

ಅಂಗಡಿಯವರನ್ನು ಕೇಳಿದರೆ, "ಒಂದು ತಿಂಗಳು ಹಾಕ್ಕೊಳ್ಳಿ ಅಣ್ಣ, ಅಭ್ಯಾಸ ಆಗುತ್ತೆ" ಎಂದರು. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. ಮೂರನೆಯ ಬಾರಿ ಹೋದಾಗ, ಇದು ನಿಮ್ಮ ಕಿವಿಯ ಅಳತೆಗೇ ಮಾಡಿದ್ದು, ಬೇರೆಯವರಿಗೆ ಕೂರುವುದಿಲ್ಲ, ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ ಎಂದುಬಿಟ್ಟರು. ಅಳತೆ ಕೊಡುವ ಮೊದಲೇ ಈ ಮಾತನ್ನು ಹೇಳಬೇಕಾಗಿತ್ತು ಎಂಬ ನೋವು ನನಗೆ ಇಂದಿಗೂ ಇದೆ. ಒಂದು ವಾರವಾದರೂ ಹಾಕಿಕೊಂಡು ನೋಡಲು ಕೊಡದ ಯಂತ್ರಕ್ಕೆ ದಯವಿಟ್ಟು ಯಾರೂ ಪೂರ್ತಿ ಹಣ ಕೊಡಬೇಡಿ.

ತಪ್ಪು ಎಲ್ಲಾಯಿತೆಂದು ತಿಳಿದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದ ಮೇಲೆ. ಅಲ್ಲಿ ಪರೀಕ್ಷೆ ಮಾಡಿದವರು ಆಡಿಯೋಗ್ರಾಮ್, ಅಂದರೆ ಯಾವ ದನಿ ಎಷ್ಟು ಕೇಳುತ್ತದೆಂದು ಗೆರೆಯಲ್ಲಿ ತೋರಿಸುವ ಹಾಳೆಯನ್ನು ನನ್ನ ಮುಂದಿಟ್ಟು ಬೆರಳಿಟ್ಟು ತೋರಿಸಿದರು: 250ರಿಂದ 1000 ಹರ್ಟ್ಸ್‌ವರೆಗೆ ತಗ್ಗಿನ, ಅಂದರೆ ದಪ್ಪ ದನಿಗಳಿಗೆ ಗೆರೆ ನೇರವಾಗಿದೆ, 4000 ಹರ್ಟ್ಸ್ ಹತ್ತಿರದ ಎತ್ತರದ, ಅಂದರೆ ಕೀರಲು ದನಿಗಳಿಗೆ ಬಾವಿಗೆ ಇಳಿದಂತೆ ಕೆಳಗಿಳಿದಿದೆ. ಲಾಳಿಯ ಹೊಡೆತದ ನಡುವೆ ವರ್ಷಗಟ್ಟಲೆ ದುಡಿದವರ ಕಿವಿಗಳಲ್ಲಿ ಸಾಮಾನ್ಯವಾಗಿ ಕಾಣುವ ಗೆರೆ ಇದೇ ಅಂತೆ. ಒಳಕಿವಿಯ ಸೂಕ್ಷ್ಮ ಕೂದಲುಕೋಶಗಳು ಹಾಳಾಗಿ ಆ ಎತ್ತರದ ದನಿಗಳು ಮಿದುಳಿಗೆ ಸರಿಯಾಗಿ ತಲುಪದಿದ್ದಾಗ, ಮಿದುಳು ಆ ಕೊರತೆಯನ್ನು ತುಂಬಲು ತನ್ನ ಕಡೆಯಿಂದ ಸದ್ದನ್ನು ಏರಿಸಿಕೊಳ್ಳುತ್ತದೆ ಎಂಬುದು ಈ ಮೊರೆತಕ್ಕೆ ತಜ್ಞರು ಕೊಡುವ ಮುಖ್ಯ ವಿವರಣೆ. ನನಗೆ ತಗ್ಗಿನ ದನಿಗಳು ಚೆನ್ನಾಗಿಯೇ ಕೇಳುತ್ತಿದ್ದವು. ಕಿವಿಯನ್ನು ಮುಚ್ಚಿದ ಯಂತ್ರ ಅವುಗಳನ್ನೇ ತಡೆದು ನಿಲ್ಲಿಸಿತ್ತು.

ಈಗಿನ ಯಂತ್ರ ಕಿವಿಯ ಹಿಂದೆ ಕೂರುತ್ತದೆ. ಅದರಿಂದ ಹೊರಟ ತೆಳುವಾದ ತಂತಿಯ ತುದಿಯಲ್ಲಿ ತೂತುಗಳಿರುವ ಮೆತ್ತನೆಯ ರಬ್ಬರ್ ಟೋಪಿಯಿದೆ. ತಗ್ಗಿನ ದನಿಗಳು ಆ ತೂತುಗಳಿಂದ ತಾವಾಗಿ ಒಳಗೆ ಬರುತ್ತವೆ, ನನ್ನ ದನಿಯ ಗುಮ್ಮೆನ್ನುವಿಕೆ ಹೊರಗೆ ಹೋಗುತ್ತದೆ, ಯಂತ್ರ ಎತ್ತರದ ದನಿಗಳನ್ನಷ್ಟೇ ಏರಿಸಿ ಕೊಡುತ್ತದೆ. ಹಾಕಿಕೊಂಡ ದಿನ ಕುಕ್ಕರಿನ ಸೀಟಿಯ ಮೊದಲಿನ ಸಣ್ಣ ಸುಯ್ ಸದ್ದನ್ನು ಎಷ್ಟೋ ವರ್ಷಗಳ ಮೇಲೆ ಕೇಳಿದೆ. ಹೊರಗಿನ ಲೋಕ ಹೀಗೆ ತುಂಬಿಕೊಂಡಾಗ ಮೊರೆತ ತಾನಾಗಿ ಹಿಂದಾಗುತ್ತದೆ. ಸಂಜೆ ಯಂತ್ರ ತೆಗೆದಾಗ ಅದು ಅಲ್ಲೇ ಇರುತ್ತದೆ ಎಂಬುದನ್ನೂ ಹೇಳಬೇಕು. ಜೋಡಿಗೆ 52,000 ರೂಪಾಯಿಯಾಯಿತು. ಕಂದು ಚೀಟಿಯ 312 ಬ್ಯಾಟರಿ ನನಗೆ ಸುಮಾರು ಒಂದು ವಾರ ಬರುತ್ತದೆ. ಗುಗ್ಗೆ ಕಟ್ಟಿಕೊಳ್ಳದಂತೆ ರಬ್ಬರ್ ತುದಿಯನ್ನು ದಿನವೂ ಒರೆಸಬೇಕು.

ಸಿಬಿಟಿಗೆ ಎಂಟು ವಾರ ಹೋದೆ. ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆ 28 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಮೊರೆತದಿಂದ ಬದುಕಿಗಾಗುವ ತೊಂದರೆಯನ್ನು ಈ ಚಿಕಿತ್ಸೆ ಕಡಿಮೆ ಮಾಡಬಹುದೆಂದು ಹೇಳಿದೆ, ನನ್ನ ಅನುಭವವೂ ಅದೇ. ಸದ್ದು ಅಷ್ಟೇ ಇದೆ, ಅದನ್ನು ಕೇಳಿದೊಡನೆ ಎದೆ ಹೊಡೆದುಕೊಳ್ಳುವುದು ನಿಂತಿದೆ. ನಿದ್ದೆಗೆಟ್ಟು ಕಂಗೆಟ್ಟವರು ಯಂತ್ರಕ್ಕಿಂತ ಮೊದಲು ಇದಕ್ಕೇ ಹೋಗುವುದು ಒಳ್ಳೆಯದು. ನನ್ನಂತೆ ಕಿವಿಯೂ ಮಂದವಾಗಿರುವವರಿಗೆ ಹಗಲು ತೆರೆದ ತುದಿಯ ಯಂತ್ರ, ರಾತ್ರಿ ಮಳೆಯ ಸದ್ದು, ಈ ಜೋಡಿಯೇ ಸರಿ. ಕೇಳುವ ಶಕ್ತಿ ಪೂರ್ತಿ ಚೆನ್ನಾಗಿರುವವರು ಯಂತ್ರಕ್ಕೆ ಹಣ ಹಾಕುವ ಮುನ್ನ ಆಡಿಯೋಗ್ರಾಮ್ ಮಾಡಿಸಲೇಬೇಕು. ಒಂದೇ ಕಿವಿಯಲ್ಲಿ ಮೊರೆತವಿದ್ದರೆ ಅಥವಾ ನಾಡಿಯ ಬಡಿತದ ಲಯಕ್ಕೆ ಅದು ಕೇಳುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು; ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅಂದೇ ಹೋಗಬೇಕು.

ಶೆಡ್ಡಿಗೆ ನಾನು ಈಗಲೂ ದಿನಕ್ಕೆ ಎರಡು ಗಂಟೆ ಹೋಗುತ್ತೇನೆ. ಬಾಗಿಲಲ್ಲೇ ಯಂತ್ರಗಳನ್ನು ತೆಗೆದು ಡಬ್ಬಿಯಲ್ಲಿಟ್ಟು, ಎರಡೂ ಕಿವಿಗಳನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿಕೊಂಡು ಒಳಗೆ ಕಾಲಿಡುತ್ತೇನೆ. ಮಗ್ಗದ ಮೇಲೆ ಹೊಸದಾಗಿ ನಿಂತಿರುವ ಇಬ್ಬರು ಹುಡುಗರಿಗೂ ಒಂದೊಂದು ತಂದುಕೊಟ್ಟಿದ್ದೇನೆ.