ಬೀಗ ಹಾಕಿದ ಫೈಲಲ್ಲೂ ಹುಡುಕಬಹುದು, ಆದರೆ ಅದರ ಗಡಿಯಾರ ನಂಬಬೇಡಿ

ಉಡುಪಿ ಕೋರ್ಟ್ ರೋಡಿನ ಹತ್ತಿರ ಅಪ್ಪನದು ಸಣ್ಣ ಟ್ಯಾಕ್ಸ್ ಆಫೀಸು. ಜನರ ಪಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟು, ಮನೆ ಸಾಲದ ಕಾಗದ ಎಲ್ಲ ನಮ್ಮ ಹತ್ತಿರ ಇರುತ್ತವೆ. ಇಷ್ಟು ವರ್ಷ ಅವೆಲ್ಲ ಒಂದು ಮಾಮೂಲಿ ಕ್ಲೌಡ್ ಫೋಲ್ಡರಿನಲ್ಲಿದ್ದವು. ಮಂಗಳೂರಿನ ಆಡಿಟರ್ ಆಫೀಸಿಗೆ ಒಮ್ಮೆ ಕೊಟ್ಟ ಲಿಂಕ್ ಹಾಗೇ ತೆರೆದಿತ್ತು, ಅಲ್ಲಿ ಕೆಲಸ ಬಿಟ್ಟು ಹೋದ ಹುಡುಗನ ಮೊಬೈಲಲ್ಲೂ ಅದು ಓಪನ್ ಆಗುತ್ತದೆ ಅಂತ ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ಅಪ್ಪನಿಗೆ ಅದೇನೂ ದೊಡ್ಡ ವಿಷಯ ಅನಿಸಲಿಲ್ಲ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು ಅಂತ ಹೇಳಿದ ಮೇಲೆ ಮಾತ್ರ "ಬೇರೆ ಎಂತದಾದರೂ ನೋಡು ಮಾರಾಯ" ಅಂದರು.

ಹಾಗೆ ತಗೊಂಡದ್ದು, ಗುಟ್ಟಿನ ಕೀ ಇಲ್ಲದವರಿಗೆ ಓದಲಾಗದ ಹಾಗೆ ಫೈಲಿಗೆ ಬೀಗ ಹಾಕಿ ಇಡುವ ಈ ಎನ್‌ಕ್ರಿಪ್ಟೆಡ್ ಸ್ಟೋರೇಜ್. ಹೆಸರು ಬರೆಯುವುದಿಲ್ಲ, ಮುಂದೆ ಬೈಯುವುದೂ ಇದೆ. ಮೂರು ತಿಂಗಳು ಬಳಸಿದ್ದೇನೆ. ಹಳೆಯದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು ದುಡ್ಡು.

ಇದರಲ್ಲಿ ಫೈಲ್ ನಮ್ಮ ಕಂಪ್ಯೂಟರಿನಲ್ಲೇ ಬೀಗ ಹಾಕಿಸಿಕೊಂಡು ಹೋಗುತ್ತದೆ, ಕೀ ಕಂಪನಿಯವರ ಹತ್ತಿರ ಇಲ್ಲ. ಹಾಗಾದರೆ ಅವರ ಸರ್ವರ್ ನಮ್ಮ ಫೈಲಲ್ಲಿ ಹುಡುಕುವುದು ಹೇಗೆ? ನನಗೂ ಇದೇ ಅನುಮಾನ ಇತ್ತು. ಮಠದ ಹೊರಗೆ ಚಪ್ಪಲಿ ಇಡುವಾಗ ಟೋಕನ್ ಕೊಡುತ್ತಾರಲ್ವಾ, ಹೆಚ್ಚುಕಡಿಮೆ ಹಾಗೆ. ಅಪ್‌ಲೋಡ್ ಮಾಡುವಾಗ ಫೈಲಿನ ಒಂದೊಂದು ಪದವನ್ನೂ ನಮ್ಮ ಗುಟ್ಟಿನ ಕೀ ಜೊತೆ ಅರೆದು ಅರ್ಥವಿಲ್ಲದ ಟೋಕನ್ ಮಾಡಿ ಕಳಿಸುತ್ತದೆ. ಹುಡುಕುವಾಗ ನಾವು ಟೈಪ್ ಮಾಡಿದ ಪದವೂ ಹಾಗೇ ಟೋಕನ್ ಆಗಿ ಹೋಗುತ್ತದೆ, ಸರ್ವರ್ ಎರಡನ್ನೂ ತಾಳೆ ನೋಡಿ ಫೈಲ್ ಕೊಡುತ್ತದೆ, ಪದ ಏನು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಹೊಸ ಐಡಿಯಾ ಏನಲ್ಲ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡಾನ್ ಸಾಂಗ್, ಡೇವಿಡ್ ವ್ಯಾಗ್ನರ್, ಏಡ್ರಿಯನ್ ಪೆರಿಗ್ 2000ದಲ್ಲೇ ಬೀಗ ಹಾಕಿದ ಡೇಟಾದಲ್ಲಿ ಹುಡುಕುವ ದಾರಿ ಬರೆದಿದ್ದರು. ಆದರೆ ಚಪ್ಪಲಿ ಕಾಯುವವನಿಗೆ ಯಾವ ಟೋಕನ್ ದಿನಾ ಬರುತ್ತದೆ ಅಂತ ಗೊತ್ತಾಗಿಯೇ ಆಗುತ್ತದೆ. ಇಲ್ಲಿಯೂ ಅಷ್ಟೇ, ಒಂದೇ ಪದ ಎಷ್ಟು ಸಲ ಹುಡುಕಿದೆವು, ಯಾವ ಫೈಲ್ ಸಿಕ್ಕಿತು ಅನ್ನುವುದು ಸರ್ವರಿಗೆ ಕಾಣುತ್ತದೆ. ಕಂಪನಿಯ ಜಾಹೀರಾತಿನಲ್ಲಿ ಈ ಮಾತು ಎಲ್ಲಿಯೂ ಇಲ್ಲ.

ಇಂಗ್ಲಿಷಿನಲ್ಲಿ ಹುಡುಕಾಟ ಚೆನ್ನಾಗಿದೆ, ಬೇಗ ಬರುತ್ತದೆ. ಕನ್ನಡಕ್ಕೆ ಬಂದರೆ ತಲೆನೋವು. ಟೋಕನ್ ಅಂದರೆ ಪೂರ್ತಿ ಪದ ಅಕ್ಷರಕ್ಕೆ ಅಕ್ಷರ ಹೊಂದಬೇಕು, ಅರ್ಧ ಪದ ಹೊಡೆದರೆ ಏನೂ ಸಿಗುವುದಿಲ್ಲ. "ಶೆಟ್ಟಿ" ಅಂದರೆ "ಶೆಟ್ಟಿಯವರ" ಬರುವುದಿಲ್ಲ. ಅದನ್ನಾದರೂ ಸಹಿಸಿಕೊಳ್ಳಬಹುದು. ಒಂದು ದಿನ "ಎಲ್‌ಐಸಿ" ಅಂತ ಹುಡುಕಿದರೆ ಅರ್ಧ ರಸೀದಿಗಳು ಮಾಯ! ಒಂದು ಗಂಟೆ ಒದ್ದಾಡಿದ ಮೇಲೆ ಗೊತ್ತಾಯಿತು, ಅಪ್ಪ ಟೈಪ್ ಮಾಡುವ ಕೀಬೋರ್ಡು ಲ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತದೆ, ನನ್ನ ಮೊಬೈಲು ಸೇರಿಸುವುದಿಲ್ಲ. ನೋಡಲು ಎರಡೂ ಒಂದೇ, ಅರೆದ ಮೇಲೆ ಟೋಕನ್ ಪೂರ್ತಿ ಬೇರೆ. ಅರೆಯುವ ಮೊದಲು ಇಂಥದ್ದನ್ನು ತೆಗೆದು ಹಾಕುವುದು ಅಂಥ ದೊಡ್ಡ ಕೆಲಸ ಅಲ್ಲ, ಕನ್ನಡದಲ್ಲಿ ಯಾರೂ ಪರೀಕ್ಷೆ ಮಾಡಿಲ್ಲ ಅಷ್ಟೇ. ಈಗ ಫೈಲ್ ಹೆಸರಿನ ಜೊತೆ ಪಾನ್ ನಂಬರ್ ಕಡ್ಡಾಯ ಮಾಡಿದ್ದೇವೆ, ಅದನ್ನೇ ಹುಡುಕುತ್ತೇವೆ.

ಇನ್ನು ಟೈಮ್ ಇಟ್ಟು ಕೊಡುವ ಲಿಂಕ್. ನಾನು ದುಡ್ಡು ಕೊಟ್ಟದ್ದೇ ಇದಕ್ಕೆ. ಯಾರಿಗೆ, ಯಾವ ಫೋಲ್ಡರ್, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಅಂತ ಹಾಕಿದರೆ ಮುಗಿಯಿತು. ಅವರು ಹುಡುಕುವುದೂ ಆ ಹೊತ್ತಿನೊಳಗೆ ಮಾತ್ರ. ಲ್ಯಾಪ್‌ಟಾಪಿನ ತಾರೀಕು ಹಿಂದೆ ಹಾಕಿ ಮುಗಿದ ಲಿಂಕ್ ತೆರೆಯಲು ನೋಡಿದೆ, ತೆರೆಯಲಿಲ್ಲ. ಸಮಯ ನೋಡುವುದು ಸರ್ವರ್, ಒಳ್ಳೆಯದೇ.

ಆದರೆ ಮೊದಲ ದಿನವೇ ಮರ್ಯಾದೆ ಹೋಯಿತು. ಬೆಳಿಗ್ಗೆ 9ರಿಂದ ಸಂಜೆ 6 ಅಂತ ಹಾಕಿ ಮಂಗಳೂರಿಗೆ ಲಿಂಕ್ ಕಳಿಸಿದ್ದೆ. ಹತ್ತು ಗಂಟೆಗೆ ಆಡಿಟರ್ ಫೋನು, "ಓಪನ್ ಆಗ್ತಾ ಇಲ್ಲ". ಹನ್ನೊಂದಕ್ಕೆ ಮತ್ತೆ ಫೋನು. ಹೊರಗೆ ಮಳೆ, ಮಧ್ಯೆ ಕರೆಂಟೂ ಹೋಯಿತು, ನಾನು ನೆಟ್ಟಿಗೆ ಬೈಯುತ್ತಾ ಕೂತಿದ್ದೆ. ಮಧ್ಯಾಹ್ನ ಎರಡೂವರೆಗೆ ತಾನಾಗಿ ತೆರೆಯಿತು! ಸರ್ವರ್ ಓಡುವುದು ಯುಟಿಸಿ ಸಮಯದಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಅಂತ ಇಟ್ಟುಕೊಂಡ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಸಂಜೆ ಆರಕ್ಕೆ ಮುಚ್ಚಬೇಕಾದದ್ದು ರಾತ್ರಿ ಹನ್ನೊಂದೂವರೆಯವರೆಗೆ ತೆರೆದಿತ್ತು. ಬಾಗಿಲು ಲೇಟಾಗಿ ತೆರೆದರೆ ಬೈಗುಳ ತಿಂದರಾಯಿತು, ಲೇಟಾಗಿ ಮುಚ್ಚಿದರೆ ತಗೊಂಡದ್ದೇ ವ್ಯರ್ಥ ಅಲ್ವಾ. ಸಪೋರ್ಟಿಗೆ ಬರೆದೆ. "ಸೂಚನೆಗೆ ಧನ್ಯವಾದ" ಅಂತ ಉತ್ತರ ಬಂತು, ಸ್ಕ್ರೀನಿನಲ್ಲಿ ಇನ್ನೂ ಯುಟಿಸಿ ಅನ್ನುವ ಪದವೇ ಇಲ್ಲ.

ಇನ್ನೊಂದು, ಟೈಮ್ ಮುಗಿಯುವ ಮೊದಲು ಡೌನ್‌ಲೋಡ್ ಮಾಡಿಕೊಂಡವರ ಹತ್ತಿರ ಫೈಲ್ ಉಳಿದೇ ಉಳಿಯುತ್ತದೆ. ಡೌನ್‌ಲೋಡ್ ಬಂದ್ ಮಾಡಬಹುದು, ಆದರೆ ಸ್ಕ್ರೀನಿಗೆ ಮೊಬೈಲ್ ಹಿಡಿದು ಫೋಟೋ ತೆಗೆದರೆ ಯಾವ ಕಂಪನಿಯೂ ತಡೆಯಲಾರದು.

ಪಾಸ್‌ವರ್ಡ್ ಮರೆತರೆ ಎಲ್ಲ ಹೋಯಿತು, ಅವರೂ ತೆಗೆದು ಕೊಡಲಾರರು. ಅಪ್ಪ ಅದನ್ನು ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದರು, ನಾನು ಹರಿದು ಬೀರುವಿನೊಳಗೆ ಹಾಕಿದೆ.

ಐದಕ್ಕೆ ಮೂರು ಸ್ಟಾರ್. ನಮ್ಮಂಥ ಆಫೀಸು, ಲ್ಯಾಬು, ವಕೀಲರಿಗೆ ಆಗಬಹುದು. ಮನೆಯ ಫೋಟೋ ಇಡಲು ಇದು ಬೇಡ. ಒಂದು ವರ್ಷಕ್ಕೆ ರಿನ್ಯೂ ಮಾಡಿದ್ದೇನೆ. ಅಪ್ಪ ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿದ್ದಾರೆ: "ಲಿಂಕ್ ಕೊಡುವಾಗ ಐದೂವರೆ ಕಳೆಯುವುದು."