ಫರ್ಮ್ಸ್ ಬೆಂಕಿ ನಕ್ಷೆ: ಜೋಗಿಮಟ್ಟಿ, ರಂಗಯ್ಯನದುರ್ಗದ ಕಾಡಿಗೆ ಎಷ್ಟು ಉಪಯೋಗ?

ನಾಸಾದ ಫರ್ಮ್ಸ್ (FIRMS) ಉಪಗ್ರಹ ಕಂಡ ಬೆಂಕಿಯನ್ನು ನಕ್ಷೆಯಲ್ಲಿ ತೋರಿಸುವ ಪುಕ್ಕಟೆ ಸೇವೆ. ಜಗತ್ತಿನ ಯಾವ ಮೂಲೆಯಲ್ಲಿ ಬೆಂಕಿ ಕಂಡರೂ ಉಪಗ್ರಹ ಹಾದುಹೋದ ಸುಮಾರು 3 ಗಂಟೆಯೊಳಗೆ ನಕ್ಷೆಯ ಮೇಲೆ ಚುಕ್ಕೆ ಬೀಳುತ್ತದೆ. ಇಷ್ಟು ಕೇಳಿದವರು ಬೆಂಕಿ ಆರಿಸಲು ಓಡುವುದಕ್ಕೂ ಇದನ್ನೇ ನೆಚ್ಚುತ್ತಾರೆ. ಚಿತ್ರದುರ್ಗ, ದಾವಣಗೆರೆ ಕಡೆಯ ಕುರುಚಲು ಕಾಡಿಗೆ ಅದು ಸಾಲದು. ಇದರ ನಿಜವಾದ ಬೆಲೆ ತಿಳಿಯುವುದು ಮುಂದಿನ ಬೇಸಿಗೆಗೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು ಸವರಿ ಸುಟ್ಟ ಪಟ್ಟಿ) ಎಲ್ಲಿ ಸವರಬೇಕು, ಕಾವಲುಗಾರರನ್ನು ಯಾವ ಗುಡ್ಡಕ್ಕೆ ಹಾಕಬೇಕು ಎಂದು ತೀರ್ಮಾನಿಸುವಾಗ.

ಕಾರಣ ಉಪಗ್ರಹ ಬರುವ ವೇಳೆ. ಬೆಂಕಿಯ ಶಾಖ ಗುರುತಿಸುವ ವಿಯರ್ಸ್ (VIIRS) ಸಂವೇದಕ ಹೊತ್ತ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಜೋಗಿಮಟ್ಟಿಯ ಇಳಿಜಾರಿನ ಒಣಹುಲ್ಲಿಗೆ ಸಂಜೆ 4ಕ್ಕೆ ಕಿಡಿ ತಗುಲಿ, ಗಾಳಿಗೆ ಗುಡ್ಡ ಹತ್ತಿ, ರಾತ್ರಿ 8ಕ್ಕೆ ಆರಿಹೋದರೆ ಒಂದು ಚುಕ್ಕೆಯೂ ಬೀಳದೆ ಹೋಗಬಹುದು. ಮೋಡ, ದಟ್ಟ ಹೊಗೆಯೂ ಮರೆಮಾಡುತ್ತವೆ. ಹಾಗಾಗಿ ಚುಕ್ಕೆ ಇಲ್ಲವೆಂದ ಮಾತ್ರಕ್ಕೆ ಬೆಂಕಿ ಬಿದ್ದಿಲ್ಲ ಎನ್ನುವಂತಿಲ್ಲ. ತುರ್ತು ಸುದ್ದಿಗೆ ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆಯ ವನ ಅಗ್ನಿ ಪೋರ್ಟಲ್ ಮೇಲು. ಉಪಗ್ರಹದ ಚುಕ್ಕೆಗಳನ್ನು ಅರಣ್ಯದ ಗಡಿಯೊಳಗೆ ಸೋಸಿ ಮೊಬೈಲಿಗೇ ಕಳಿಸುತ್ತದೆ, ಸಾರ್ವಜನಿಕರೂ ಹೆಸರು ನೋಂದಾಯಿಸಬಹುದು. ಫರ್ಮ್ಸ್ ಕಳಿಸುವುದು ಇಮೇಲ್. ಗುಡ್ಡದ ಮೇಲಿರುವ ವಾಚರ್‌ಗೆ ಅದರಿಂದ ಏನೂ ಸಿಗುವುದಿಲ್ಲ.

ಹಳೆಯ ದಾಖಲೆಯ ವಿಷಯದಲ್ಲಿ ಮಾತ್ರ ಫರ್ಮ್ಸ್‌ಗೆ ಪೂರ್ಣ ಅಂಕ. ಇನ್ನೊಂದು ಹಳೆಯ ಸಂವೇದಕ ಮೋಡಿಸ್‌ನ (MODIS) ಮಾಹಿತಿ 2000ದ ನವೆಂಬರ್‌ನಿಂದ, ವಿಯರ್ಸ್ ಮಾಹಿತಿ 2012ರ ಜನವರಿಯಿಂದ ಸಿಗುತ್ತದೆ. ಆರ್ಕೈವ್ ಪುಟದಲ್ಲಿ ಹೊಸ ಕೋರಿಕೆ ತೆರೆದು, ನಕ್ಷೆಯ ಮೇಲೆ ನಿಮ್ಮ ವಲಯದ ಸುತ್ತ ಚೌಕ ಎಳೆದು, ಉಪಗ್ರಹ, ದಿನಾಂಕ ಆರಿಸಿ ಸಿಎಸ್‌ವಿ (ಕೋಷ್ಟಕದ ಫೈಲ್) ಕೇಳಿ. ಫೈಲಿನ ಕೊಂಡಿ ಇಮೇಲಿಗೆ ಬರುತ್ತದೆ.

ಫೈಲ್ ತೆರೆದವರು ಎಡವುವುದು ಸಮಯದ ಕಾಲಮ್ಮಿನಲ್ಲಿ. 812 ಎಂದಿದ್ದರೆ ಅದು 08:12, ಅದೂ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಮಧ್ಯಾಹ್ನ 1:42. ಮಾರ್ಚ್ 9ರ ಸಾಲಿನಲ್ಲಿ 2012 ಎಂದಿದ್ದರೆ ನಮ್ಮಲ್ಲಿ ಅದು ಮಾರ್ಚ್ 10ರ ನಸುಕಿನ 1:42. ದಿನಾಂಕ ಬದಲಿಸದೆ ಗಸ್ತು ಪುಸ್ತಕದ ಜತೆ ತಾಳೆ ನೋಡಿದರೆ ನಡುರಾತ್ರಿ ದಾಟಿದ ಮೇಲೆ ಕಂಡ ನಸುಕಿನ ಬೆಂಕಿಗಳೆಲ್ಲ ಒಂದು ದಿನ ಹಿಂದೆ ಬೀಳುತ್ತವೆ. ಆಮೇಲೆ ಸಿಬ್ಬಂದಿ ಸುಳ್ಳು ಬರೆದಿದ್ದಾರೆ ಎಂಬ ಅನ್ಯಾಯದ ಆರೋಪ ಬೇರೆ!

ಚುಕ್ಕೆ ಬಿದ್ದ ಅಕ್ಷಾಂಶ, ರೇಖಾಂಶದಲ್ಲೇ ಬೂದಿ ಇರಬೇಕೆಂದೇನಿಲ್ಲ. ಅದು ಉಪಗ್ರಹ ಒಂದೇ ಬಿಂದುವಾಗಿ ನೋಡುವ ನೆಲದ ಚೌಕದ (ಪಿಕ್ಸೆಲ್) ನಡುಬಿಂದು ಅಷ್ಟೆ. ವಿಯರ್ಸ್ ಚೌಕ ನೇರ ಕೆಳಗೆ 375 ಮೀಟರ್, ಮೋಡಿಸ್‌ದು 1 ಕಿ.ಮೀ., ಪಥದ ಅಂಚಿಗೆ ಹೋದಂತೆ ಎರಡೂ ಹಿಗ್ಗುತ್ತವೆ. ಬೀಟ್ (ಒಬ್ಬ ಅರಣ್ಯ ರಕ್ಷಕನ ಗಸ್ತಿನ ಪ್ರದೇಶ) ಗಡಿಯ ಮೇಲಿನ ಚುಕ್ಕೆಯನ್ನು ಯಾರ ತಲೆಗೂ ಕಟ್ಟುವ ಮುಂಚೆ ಸ್ಥಳಕ್ಕೆ ಹೋಗಿ ನೋಡಲೇಬೇಕು. ಹತ್ತು ಚುಕ್ಕೆ ಅಂದರೆ ಹತ್ತು ಬೆಂಕಿಯೂ ಅಲ್ಲ, ಒಂದೇ ದೊಡ್ಡ ಬೆಂಕಿ ಅಕ್ಕಪಕ್ಕದ ಹತ್ತು ಚೌಕ ತುಂಬಬಹುದು. ಮೋಡಿಸ್, ವಿಯರ್ಸ್ ಎರಡನ್ನೂ ಒಟ್ಟಿಗೆ ಕೂಡಿಸಿ ‘ಬೆಂಕಿ ಹೆಚ್ಚಾಗಿದೆ’ ಎಂದು ವರದಿ ಬರೆಯುವುದು ದೊಡ್ಡ ತಪ್ಪು. ಹೊಸ ಉಪಗ್ರಹ ಸೇರಿದರೆ ಚುಕ್ಕೆ ಹೆಚ್ಚುವುದು ಸಹಜ. ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಒಂದೇ ಉಪಗ್ರಹ ಹಿಡಿದುಕೊಳ್ಳಿ.

ಹರಿಹರ, ದಾವಣಗೆರೆಯ ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಕೂಳೆಗೆ, ಕಬ್ಬಿನ ತರಗಿಗೆ ಹಚ್ಚಿದ ಬೆಂಕಿಯೂ ಇದೇ ಕೆಂಪಿನಲ್ಲಿ ಬರುತ್ತದೆ. ಫರ್ಮ್ಸ್‌ಗೆ ಗದ್ದೆ ಯಾವುದು, ಕಾಡು ಯಾವುದು ಎಂಬ ಭೇದವಿಲ್ಲ. ಆರ್ಕೈವ್ ಫೈಲಿನ ‘ಟೈಪ್’ ಕಾಲಮ್ಮಿನಲ್ಲಿ 2 ಇದ್ದರೆ ಕಾರ್ಖಾನೆಯಂಥ ಸ್ಥಿರ ಶಾಖ, ಅದನ್ನು ಕಿತ್ತುಹಾಕಿ. ಗದ್ದೆಯ ಬೆಂಕಿ ಈ ಜರಡಿಗೆ ಸಿಕ್ಕುವುದಿಲ್ಲ. ಕ್ಯೂಜಿಐಎಸ್ (QGIS) ಎಂಬ ನಕ್ಷೆ ತಂತ್ರಾಂಶದಲ್ಲಿ ಅರಣ್ಯ ಗಡಿಯ ಪದರ ಹಾಕಿ ಕತ್ತರಿಸಲೇಬೇಕು.

ಹೀಗೆ ಸೋಸಿದ ಮೇಲೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಚುಕ್ಕೆಗಳನ್ನು ಐದಾರು ವರ್ಷದ್ದು ಒಂದರ ಮೇಲೊಂದು ಹರಡಿ, ದನಗಾಹಿಗಳ ಕಾಲುದಾರಿ, ದೇವಸ್ಥಾನದ ಹಾದಿಗಳನ್ನೂ ಅದರ ಮೇಲೆ ಎಳೆದು ನೋಡಿ. ಮತ್ತೆ ಮತ್ತೆ ಹೊತ್ತುವ ಅಂಚು ಎದ್ದು ಕಾಣುತ್ತದೆ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಮರಿ ಬಚ್ಚಿಡುವುದು ಹುಲ್ಲು, ಪೊದೆಗಳ ನಡುವೆಯೇ. ಅಲ್ಲಿ ಒಂದು ಫರ್ಲಾಂಗ್ ರೇಖೆ ಸರಿಯಾದ ಕಡೆ ಬಿದ್ದರೂ ಲಾಭವೇ.

ಫರ್ಮ್ಸ್‌ನಲ್ಲಿ ಕನ್ನಡ ಇಲ್ಲ, ಬೀಟ್ ಗಡಿ ಇಲ್ಲ, ಇವೆರಡೂ ದೊಡ್ಡ ಕೊರತೆ. ಆದರೂ ಜಿಲ್ಲಾ ಮಟ್ಟದ ಯೋಜನೆ ಮಾಡುವವರು ಡಿಸೆಂಬರ್‌ನಲ್ಲೇ ಫೈಲ್ ಇಳಿಸಿಕೊಳ್ಳಬೇಕು. ಹುಲ್ಲು ಪೂರ್ತಿ ಒಣಗಿದ ಮೇಲೆ ರೇಖೆ ಸುಡಲು ಹೋದರೆ ಆ ಬೆಂಕಿಯೇ ಕಾಡಿಗೆ ದಾಟುತ್ತದೆ.