ಮುಳಬಾಗಿಲಿನ ಟೈಪಿಂಗ್ ಅಂಗಡಿ: ಜೀತದ ಅರ್ಜಿ ಬರೆಸುವವರಿಗೆ

ಮುಳಬಾಗಿಲು ಪೇಟೆಯ ಒಂದು ಸಣ್ಣ ಟೈಪಿಂಗ್ ಅಂಗಡಿ ಇದು. ಹೊರಗೆ ಒಂದು ಬೆಂಚು, ಒಳಗೆ ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನ್. ಪಹಣಿ, ಪಿಂಚಣಿ, ಜಾತಿ ಸರ್ಟಿಫಿಕೇಟ್ ಅರ್ಜಿ ಎಲ್ಲ ಮಾಡಿಕೊಡುತ್ತಾರೆ. ಅದು ಎಲ್ಲ ಕಡೆ ಸಿಗುತ್ತೆ. ನಾನು ಬರೆಯುತ್ತಿರುವುದು ಜೀತದಿಂದ ಬಿಡುಗಡೆ ಕೋರುವ ಅರ್ಜಿಯ ಬಗ್ಗೆ.

ನಮ್ಮ ಭಾವ 60,000 ರೂಪಾಯಿ ಅಡ್ವಾನ್ಸ್ ತಗೊಂಡು ಒಂದು ಇಟ್ಟಿಗೆ ಗೂಡಿಗೆ ಸೇರಿದ್ದರು. ಅಕ್ಕನೂ ಜೊತೆಗೆ ಇಟ್ಟಿಗೆ ಕೊಯ್ಯುತ್ತಿದ್ದಳು. ಮೂರು ವರ್ಷ ದುಡಿದರೂ ಸಾಲ ಇಳಿಯಲಿಲ್ಲ. ವಾರದ ಖರ್ಚಿಗೆ ಕೊಟ್ಟಿದ್ದನ್ನೂ ಸಾಲಕ್ಕೇ ಸೇರಿಸುತ್ತಿದ್ದರು. ನನ್ನ ಮದುವೆಗೆ ಅಕ್ಕ ಒಬ್ಬಳೇ ಬಂದಳು. ಇಬ್ಬರನ್ನೂ ಒಟ್ಟಿಗೆ ಬಿಡುತ್ತಿರಲಿಲ್ಲ, ಮಕ್ಕಳನ್ನೂ ಅಲ್ಲೇ ಇರಿಸಿಕೊಂಡಿದ್ದರು. ಧಾರೆ ಮುಗಿದ ತಕ್ಷಣ ಊಟಕ್ಕೂ ಕೂರದೆ ಹೊರಟಳು.

ಮಳೆಗಾಲದಲ್ಲಿ ಗೂಡು ನಿಂತಾಗ ನಾಲ್ಕೂ ಜನ ಹೇಗೋ ಊರಿಗೆ ಬಂದರು. ದಿನಾ ಫೋನ್, ಬೈಗುಳ. ಮೊದಲು ಬೇರೊಬ್ಬರ ಹತ್ತಿರ ಅರ್ಜಿ ಬರೆಸಿದೆವು. ಅವರು 'ಬಾಕಿ ಕೂಲಿ ಕೊಡಿಸಿ' ಅಂತ ನಾಲ್ಕು ಸಾಲು ಬರೆದುಕೊಟ್ಟರು. ಅಷ್ಟೇ ಆದರೆ ಅದು ಬರೀ ಕೂಲಿ ತಕರಾರು ಅಂತ ಗೊತ್ತಾಗಿದ್ದು ಈ ಅಂಗಡಿಗೆ ಬಂದ ಮೇಲೆ.

ಭಾವ ಮಾತ್ರ ಪಟ್ಟು ಹಿಡಿದರು. "ಜೀತ ಅಂತ ಹಾಕಬೇಡಿ ಸಾರ್, ಅಡ್ವಾನ್ಸ್ ಅಂತ ಬರೀರಿ." ನನಗೆ ಅರ್ಥವಾಯಿತು. ಅವರ ಅಪ್ಪ ಜೀತಕ್ಕಿದ್ದವರು. ತಂಗಿ ಮದುವೆಗೆ ತಗೊಂಡ 300 ರೂಪಾಯಿಗೆ ದನ ಕಾಯ್ದು, ಕೊಟ್ಟಿಗೆಯಲ್ಲೇ ಮಲಗಿದವರು. 1975ರ ಅಕ್ಟೋಬರ್ 25ರಂದು ಜೀತ ರದ್ದಾಯಿತು, ಮಾರನೇ ವರ್ಷ ಅದೇ ಕಾಯ್ದೆಯೂ ಆಯಿತು. ಜೀತದ ಸಾಲ ತೀರಿಸುವ ಹೊಣೆಯೇ ಕಾನೂನಿನಲ್ಲಿ ಇಲ್ಲವಾಯಿತು. ಆದರೆ ಊರಲ್ಲಿ ಆ ಮನೆಗೆ ಇವತ್ತಿಗೂ 'ಜೀತದೋರ ಮನೆ' ಅಂತಲೇ ಹೆಸರು. ಅದನ್ನೇ ಕಾಗದದಲ್ಲಿ ಬರೆಸಿ ಹೆಬ್ಬೆಟ್ಟು ಒತ್ತಬೇಕು ಅಂದರೆ ಯಾರಿಗೆ ಮನಸ್ಸು ಬರುತ್ತೆ?

ಅಂಗಡಿಯವರು ಟೈಪ್ ಮಾಡುವುದನ್ನು ನಿಲ್ಲಿಸಿ ಕುರ್ಚಿ ಈ ಕಡೆ ತಿರುಗಿಸಿದರು. ಹಿಂದೆ ನಾಲ್ಕೈದು ಜನ ಕಾಯುತ್ತಿದ್ದರು. "ನೋಡಪ್ಪ, ಈ ಮಾತನ್ನ ನಿನ್ನ ಮೇಲೆ ಬರೀತಾ ಇಲ್ಲ. ನಿನ್ನನ್ನ ಇಟ್ಕೊಂಡವನ ಮೇಲೆ ಬರೀತಿದೀನಿ" ಅಂದರು. ಜೀತ ಅನ್ನೋಕೆ ಕಾಲಿಗೆ ಸರಪಳಿ ಇರಬೇಕಿಲ್ಲ, ಅಡ್ವಾನ್ಸ್ ತೋರಿಸಿ ಬೇರೆ ಕಡೆ ಕೆಲಸಕ್ಕೆ ಹೋಗಲು ಬಿಡದಿದ್ದರೂ ಅದು ಜೀತವೇ ಅಂತ ಬಿಡಿಸಿ ಹೇಳಿದರು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆ ಅಂತ 1982ರಲ್ಲಿ, ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಟ್ಟಡ ಕಾರ್ಮಿಕರ ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಭಾವ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಹಾಕಿ ಸಾರ್" ಅಂದರು.

ಆಮೇಲೆ ಅಂಗಡಿಯವರು ಕೇಳಿದ ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ. ಸಾವಿರ ಇಟ್ಟಿಗೆಗೆ ಎಷ್ಟು? ಲೆಕ್ಕದ ಪುಸ್ತಕ ಯಾರ ಹತ್ತಿರ ಇತ್ತು? ಸಂತೆಗೆ ಹೋದಾಗ ಜೊತೆಗೆ ಯಾರಾದರೂ ಬರುತ್ತಿದ್ದರಾ? ಅಕ್ಕನದು ಬೇರೆ ಅರ್ಜಿ ಬರೆಸಿದರು. ಅಡ್ವಾನ್ಸ್ ಭಾವನ ಹೆಸರಲ್ಲಿತ್ತು ನಿಜ, ದುಡಿದವರು ಇಬ್ಬರೂ ಅಲ್ವಾ? ಕನ್ನಡದ 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ, ಪೂರ್ತಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿದರು. ಎರಡು ಅರ್ಜಿ, ಜೆರಾಕ್ಸ್ ಎಲ್ಲ ಸೇರಿ 160 ರೂಪಾಯಿ.

ಕೊರತೆಯೂ ಇದೆ. ಬೋರ್ಡಲ್ಲಿ ಒಂಬತ್ತೂವರೆ ಅಂತಿದೆ, ಬಾಗಿಲು ತೆಗೆಯುವುದು ಹನ್ನೊಂದಕ್ಕೆ. ಯುಪಿಎಸ್ ಇಲ್ಲ. ಕರೆಂಟ್ ಹೋಗಿ ಒಂದು ಪುಟ ಪೂರ್ತಿ ಹಾಳಾಯಿತು, ಅಕ್ಕ ಆ ಕಥೆಯನ್ನೆಲ್ಲ ಎರಡನೇ ಸಲ ಹೇಳಬೇಕಾಯಿತು. ಅದು ನೋಡೋಕೆ ಕಷ್ಟವಾಯಿತು.

ಇಲ್ಲದ ಆಸೆ ಹುಟ್ಟಿಸುವುದಿಲ್ಲ. ಜೀತದಿಂದ ಬಿಡುಗಡೆಯಾಯಿತು ಅಂತ ಸರ್ಕಾರ ಕೊಡುವ ಬಿಡುಗಡೆ ಪತ್ರ ಸಿಕ್ಕರೆ ತಕ್ಷಣಕ್ಕೆ 30,000 ರೂಪಾಯಿವರೆಗೆ ನೆರವು ಇದೆ, ಉಳಿದ ದೊಡ್ಡ ಮೊತ್ತಕ್ಕೆ ಕೇಸಿನ ದಾರಿ ನೋಡಬೇಕು ಅಂತ ಮೊದಲೇ ಹೇಳಿದರು. ನಮ್ಮವರಿಬ್ಬರಿಗೂ ಪತ್ರ ಬಂದಿದೆ. ಅಕ್ಕ ಅದನ್ನು ಮಕ್ಕಳ ಮಾರ್ಕ್ಸ್ ಕಾರ್ಡ್ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾಳೆ.

ಹೋಗುವಾಗ ಆಧಾರ್ ತಗೊಂಡು ಹೋಗಿ. ಅಡ್ವಾನ್ಸ್ ಚೀಟಿ ಇದ್ದರೆ ಅದೂ ಇರಲಿ. ಚೀಟಿ ಇಲ್ಲದಿದ್ದರೂ ಹೋಗಿ. ಇದು ಜೀತದ ಸಾಲ ಅಲ್ಲ ಅಂತ ತೋರಿಸಬೇಕಾದವನು ಸಾಲ ಕೊಟ್ಟವನೇ, ಕಾಯ್ದೆಯಲ್ಲೇ ಹಾಗಿದೆ.